ಕಸುಬಿನವನಿಗೆ ಬಹುಮಾನವಿಲ್ಲ

ಹೊನ್ನವಳ್ಳಿ ಕಡೆಯ ನಮ್ಮೂರ ಶಾಲೆಯಲ್ಲಿ ಮಕ್ಕಳ ಸಂತೆ ಎಂದರೆ ಮಕ್ಕಳು ಮನೆಯಿಂದ ಸೊಪ್ಪು, ನಿಂಬೆಹಣ್ಣು, ಎಳನೀರು ತಂದು ಮಾರುವ ದಿನ. ಅಪ್ಪ ಅಮ್ಮಂದಿರೇ ಗಿರಾಕಿಗಳು. ಅವತ್ತು ನಾನು ಕೂಲಿಗೆ ಹೋಗಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಇದೇ ಶಾಲೆಯನ್ನು ಆರನೇ ಕ್ಲಾಸಿಗೆ ಬಿಟ್ಟು ತೆಂಗಿನಕಾಯಿ ಸುಲಿಯಲು ನಿಂತವನು ನಾನು. ಇಲ್ಲಿನ ವೇದಿಕೆಗೆ ನನ್ನನ್ನು ಒಂದು ದಿನವೂ ಯಾರೂ ಕರೆದಿರಲಿಲ್ಲ.

ಮಗಳು ಕರಿಬೇವಿನ ಕಂತೆ ಹರವಿಕೊಂಡು ಕೂತಿದ್ದಳು. "ಅಪ್ಪ, ಅಪ್ಪಂದಿರಿಗೆ ಕಾಯಿ ಸುಲಿಯೋ ಸ್ಪರ್ಧೆ ಐತೆ. ನಿನ್ ಹೆಸ್ರು ಕೊಟ್ಟಿದೀನಿ. ನಮ್ಮಪ್ಪನೇ ಫಸ್ಟು ಅಂತ ಎಲ್ಲಾರ್ಗೂ ಹೇಳ್ಬುಟ್ಟಿದೀನಿ" ಎಂದಳು.

ಬಯಲಿನಲ್ಲಿ ಸಾಲಾಗಿ, ಮೊನೆ ಮೇಲಾಗಿ ಹಾರೆ ನೆಟ್ಟು, ಒಂದೊಂದರ ಪಕ್ಕ ಐದೈದು ಕಾಯಿ ಇಟ್ಟಿದ್ದರು. ನನ್ನ ಪಕ್ಕದ ಹಾರೆಗೆ ಬಂದು ನಿಂತವರು ದೊಡ್ಡ ತೋಟದ ಯಜಮಾನರು. ಅವರ ತೋಟದ ಕಾಯಿಯನ್ನೆಲ್ಲ ಸುಲಿಯುವವನು ನಾನೇ.

"ಏನ್ಲಾ, ನನ್ನೇ ಸೋಲುಸ್ತೀಯೇನ್ಲಾ?" ಎಂದು ನಕ್ಕರು.

"ಹಾರೆಗೇನ್ ಗೊತ್ತು ಯಜಮಾನ್ರೇ, ಯಾರು ಆಳು ಯಾರು ಧಣಿ ಅಂತ" ಎಂದೆ. ಸುತ್ತ ನಿಂತವರು ಹೋ ಎಂದರು.

ಸೀಟಿ ಊದಿದರು. ಕೈ ತನ್ನ ಪಾಡಿಗೆ ತಾನು ನಡೆಯಿತು. ಮೊನೆಗೆ ಒತ್ತುವುದು, ತಿರುಚುವುದು, ಮಟ್ಟೆ ಅತ್ತ, ಜುಟ್ಟಿನ ಸಮೇತ ಕಾಯಿ ಇತ್ತ. ನನ್ನ ಪಾಲಿನ ಐದೂ ಮುಗಿದಾಗ ಯಜಮಾನರು ಎರಡನೆಯದರ ಜೊತೆ ಗುದ್ದಾಡುತ್ತಿದ್ದರು, ಮಿಕ್ಕವರು ಇನ್ನೂ ಮೊದಲನೆಯದರಲ್ಲೇ ಇದ್ದರು. ಮಗಳು ಕರಿಬೇವು ಬಿಟ್ಟು ಬಂದು ಕುಣಿಯುತ್ತಿದ್ದಳು.

ಹೆಡ್‌ಮಾಸ್ಟರು ಮೈಕು ಹಿಡಿದರು. "ಇದು ಪೋಷಕರ ಮನರಂಜನೆಗೆ ಇಟ್ಟಿದ್ದು. ದಿನಾ ಇದೇ ಕಸುಬು ಮಾಡೋರನ್ನ ಸೇರಿಸಿದ್ರೆ ಮಿಕ್ಕೋರಿಗೆ ಅನ್ಯಾಯ ಆಗುತ್ತೆ" ಎಂದು ಯಜಮಾನರನ್ನು ವೇದಿಕೆಗೆ ಕರೆದರು. ಬೆಳಿಗ್ಗೆ ತಾಯಂದಿರ ರಂಗೋಲಿ ಸ್ಪರ್ಧೆಯಲ್ಲಿ ಗೆದ್ದ ತಾಯಿ ಪಕ್ಕದೂರಿನ ಶಾಲೆಯ ಡ್ರಾಯಿಂಗ್ ಟೀಚರ್. ಆಗ ಕಸುಬಿನ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. "ಅವನಿಗೇ ಕೊಡ್ರೀ ಮೇಷ್ಟ್ರೇ" ಎಂದು ಯಜಮಾನರು ಒಂದು ಸಲ ಅಂದರು. ಅನ್ನುವಾಗಲೇ ಬಹುಮಾನದ ಸ್ಟೀಲ್ ಡಬ್ಬಿಗೆ ಕೈ ಚಾಚಿದ್ದರು.

ಚಪ್ಪಾಳೆ ಮುಗಿದ ಮೇಲೆ ಹೆಡ್‌ಮಾಸ್ಟರು ನನ್ನ ಹತ್ತಿರ ಬಂದರು. "ಬೇಜಾರ್ ಮಾಡ್ಕೋಬೇಡಪ್ಪ. ಊಟಕ್ಕೆ ಕಾಯಿ ಸಾಲ್ತಿಲ್ಲ. ಅಲ್ಲಿರೋ ಅಷ್ಟನ್ನ ಸುಲಿದುಕೊಟ್ಟುಬಿಡು, ನಿನಗೇನು ಕಷ್ಟ?"

"ಇವತ್ತು ಕೂಲಿಗೆ ಬಂದಿಲ್ಲ ಸಾ" ಎಂದೆ.

ಹೆಂಡತಿ ಅಂಗಿ ಜಗ್ಗಿದಳು. "ಬನ್ರೀ, ಹೋಗಾನ." ಊಟಕ್ಕೆ ನಿಲ್ಲದೆ ಮಗಳನ್ನೂ ಕರೆದುಕೊಂಡು ಹೊರಟೆವು.

ಮಗಳು ಬೈಕಿನ ಮುಂದೆ, ಟ್ಯಾಂಕಿನ ಮೇಲೆ ಕೂತಿದ್ದಳು. ಊರ ಬಾಗಿಲು ಬಂದಾಗ ತಿರುಗದೆಯೇ ಹೇಳಿದಳು: "ಅಪ್ಪ, ನೀನು ಒಸಿ ನಿಧಾನಕ್ಕೆ ಸುಲಿದಿದ್ರೆ ಕೊಡ್ತಿದ್ರೇನೋ ಕಣಪ್ಪ."

ಬೇಗ ಸುಲಿ, ಬೇಗ ಸುಲಿ ಎಂದು ಬೈಸಿಕೊಂಡೇ ಕಲಿತ ಕೈ ಇದು. ನಿಧಾನಕ್ಕೆ ಸುಲಿಯುವುದು ನನಗೆ ಬರುವುದಿಲ್ಲ.