ದಾನಿಗಳ ಪಟ್ಟಿಯ ಎರಡು ಸಾಲು

ಹೋದ ವರ್ಷ ದೀಪಾವಳಿ ಮುಗಿದ ಮೇಲಿನ ಮಾತು. ಮಹಾರಾಷ್ಟ್ರದ ಸಾಂಗಲಿಯ ವಿಶ್ರಾಮಬಾಗದಲ್ಲಿ ನಾವೊಂದಿಷ್ಟು ಜನ ಸೇರಿ ರಕ್ತದಾನಿಗಳನ್ನು ಹುಡುಕಿಕೊಡುವ ತಂತ್ರಾಂಶವೊಂದನ್ನು ನಡೆಸುತ್ತೇವೆ. ಅದು ಓಪನ್ ಸೋರ್ಸ್, ಅಂದರೆ ಯಾವ ಊರಿನವರಾದರೂ ಪುಕ್ಕಟೆ ತೆಗೆದುಕೊಂಡು ತಮಗೆ ಬೇಕಾದಂತೆ ತಿದ್ದಿ ಬಳಸಬಹುದು. ಅಂಥವರಿಗಾಗಿ ಸರ್ವರ್ ಹೇಗೆ ಸಿದ್ಧಪಡಿಸಬೇಕು, ಡೇಟಾಬೇಸಿನಲ್ಲಿ ಏನೇನು ಎಲ್ಲೆಲ್ಲಿದೆ ಎಂದು ಬರೆದಿಡುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಯಾರಿಗೂ ಬೇಡವಾದ ಕೆಲಸ. ಕೋಡ್ ಬರೆದವರಿಗೆ ಚಪ್ಪಾಳೆ, ಅದನ್ನು ವಿವರಿಸುವವರನ್ನು ಯಾರು ಕೇಳುತ್ತಾರೆ?

ಸರ್ವರಿನ ಭಾಗ ಬೇಗ ಮುಗಿಯಿತು. ಸರ್ವರ್ ಎಂದರೆ ನಮ್ಮ ಮನೆಯ ಕಪಾಟಿನ ಮೇಲಿರುವ ಹಳೆಯ ಕಂಪ್ಯೂಟರ್. ಕರೆಂಟ್ ಹೋಗಿ ಬಂದರೆ ಏನು ಮಾಡಬೇಕು, ಮಾಹಿತಿಯ ನಕಲು ಎಲ್ಲಿಡಬೇಕು, ಎಲ್ಲ ಬರೆದೆ. ಆಮೇಲೆ ಡೇಟಾಬೇಸಿಗೆ, ಅಂದರೆ ದಾನಿಗಳ ಹೆಸರು, ಫೋನ್ ನಂಬರು ತುಂಬಿಟ್ಟ ಪಟ್ಟಿಗಳಿಗೆ, ಬಂದೆ. "ದಾನಿಗಳ ಟೇಬಲ್: ಇಲ್ಲಿ ಒಂದು ಸಾಲು ಎಂದರೆ ಒಬ್ಬ ವ್ಯಕ್ತಿ" ಎಂದು ಟೈಪು ಮಾಡುತ್ತಿದ್ದಾಗ ಮಿರಜದ ಆಸ್ಪತ್ರೆಯೊಂದರಿಂದ ಫೋನ್ ಬಂತು. ಅಥಣಿ ಕಡೆಯ ಹುಡುಗಿಯೊಬ್ಬಳಿಗೆ ತುರ್ತು ಆಪರೇಶನ್. ಬಹಳ ಅಪರೂಪದ ರಕ್ತ. ಎರಡು ಬಾಟಲಿ ಸಿಗದ ಹೊರತು ಡಾಕ್ಟರು ಕೈ ಹಾಕುವಂತಿರಲಿಲ್ಲ.

ಹುಡುಕಿದರೆ ಇಬ್ಬರು ಸಿಕ್ಕರು. ಮಾಲಗಾಂವದ ಸುಜಾತಾ, ಕುಪವಾಡದ ಅಮೃತಾ. ಬೇರೆ ಮನೆತನ, ಬೇರೆ ಅಡ್ಡಹೆಸರು, ಬೇರೆ ಫೋನ್ ನಂಬರು. ಮೊದಲ ಫೋನ್ ಎತ್ತಿದ್ದು ಸುಜಾತಾಳ ತಂದೆ. "ಮಗಳಿಗೆ ಈಗ ಹೇಳತೇನ್ರಿ, ಬರ್ತಾಳ" ಎಂದರು. ಎರಡನೆಯದನ್ನು ಎತ್ತಿದ್ದು ಅಮೃತಾಳ ಗಂಡ. "ಆತ್ರಿ, ಕಳಸ್ತೇನಿ" ಎಂದ. ಪುಣ್ಯಕ್ಕೆ ಇಬ್ಬರೂ ಒಪ್ಪಿದರಲ್ಲ ಎಂದುಕೊಂಡು ನಾನೂ ಆಸ್ಪತ್ರೆಗೆ ಹೋದೆ.

ಹುಡುಗಿಯ ತಾಯಿ ರಕ್ತಕೇಂದ್ರದ ಬಾಗಿಲಲ್ಲೇ ನಿಂತಿದ್ದಳು. ಸುತ್ತಲೂ ಬರೀ ಮರಾಠಿ ಕೇಳಿ ಕಂಗಾಲಾಗಿದ್ದವಳು, ನನ್ನ ಕನ್ನಡ ಕಿವಿಗೆ ಬಿದ್ದದ್ದೇ ಗಟ್ಟಿಯಾಗಿ ಕೈ ಹಿಡಿದುಕೊಂಡಳು.

"ಇಬ್ಬರೂ ಬರ್ತಾರಲ್ಲಾ, ಯವ್ವಾ?"

"ಇಬ್ಬರೂ ಹೊಂಟಾರ್ರಿ. ನೀವು ಕುಂದ್ರಿ" ಎಂದೆ.

ಸ್ವಲ್ಪ ಹೊತ್ತಿಗೆ ಸ್ಕೂಟಿಯಲ್ಲಿ ಒಬ್ಬಳು ಬಂದಳು. "ನೀವು ಸುಜಾತಾ ಏನ್ರಿ, ಅಮೃತಾ ಏನ್ರಿ?" ಎಂದು ಕೇಳಿದೆ.

"ಎರಡೂ ನಾನ ರೀ ಅಕ್ಕಾ" ಎಂದು ನಕ್ಕಳು. "ಅಪ್ಪಾನೂ ಫೋನ್ ಮಾಡ್ಯಾರ, ಮನ್ಯಾಗ ಇವರೂ ಹೇಳ್ಯಾರ. ಎಷ್ಟ ಸಲ ಕರೀತೀರಿ?"

ನಮ್ಮ ಕಡೆ ಮದುವೆಯ ದಿನ ಗಂಡ ತಾಟಿನಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅಡ್ಡಹೆಸರಷ್ಟೇ ಅಲ್ಲ, ಇಟ್ಟ ಹೆಸರೂ ಬದಲು. ಇವಳು ಕಾಲೇಜಿನ ರಕ್ತದಾನ ಶಿಬಿರದಲ್ಲಿ ಸುಜಾತಾ ಆಗಿ, ಮದುವೆಯಾದ ಮೇಲೆ ಅಮೃತಾ ಆಗಿ ಹೆಸರು ಕೊಟ್ಟಿದ್ದಳು. ಕಂಪ್ಯೂಟರಿಗೇನು ಗೊತ್ತು, ಇಬ್ಬರೆಂದು ಎಣಿಸಿತ್ತು. ನಾನೂ ಹಾಗೇ ಎಣಿಸಿದ್ದೆ. ಒಬ್ಬಳಿಂದ ಸಿಗುವುದು ಒಂದೇ ಬಾಟಲಿ. ಆ ತಾಯಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಎರಡು ಬಾಟಲಿ ಬೇಕಿರುವ ವಿಷಯ ಅಮೃತಾಳಿಗೆ ತಿಳಿಸಿದೆ. ಅಮೃತಾ ತಕ್ಷಣ ಫೋನ್ ತೆಗೆದಳು. "ನನ್ನ ತಮ್ಮಂದೂ ಇದ ರಕ್ತ ರೀ. ಇಲ್ಲೇ ಕುಪವಾಡ ಫ್ಯಾಕ್ಟರ್ಯಾಗ ಅದಾನ. ಆದ್ರ ಸೂಜಿ ಅಂದ್ರ ಊರ ಬಿಡ್ತಾನ." ಆಮೇಲೆ ಅವನಿಗೆ ಹೇಳಿದಳು: "ಏ, ಸುಮ್ನ ಬಾ! ಬರಲಿಲ್ಲಂದ್ರ ಬರೂ ದೀಪಾವಳಿಗೆ ನಿನಗ ಆರತಿ ಮಾಡೂದಿಲ್ಲ ನೋಡು."

ಎಣ್ಣೆಕಲೆಯ ಬಟ್ಟೆಯಲ್ಲೇ ಓಡಿ ಬಂದ ಆಸಾಮಿ ಕಣ್ಣು ಬಿಗಿಯಾಗಿ ಮುಚ್ಚಿ, ಅಕ್ಕನ ಕೈ ಹಿಡಿದುಕೊಂಡೇ ರಕ್ತ ಕೊಟ್ಟ. ಆಪರೇಶನ್ ಆಯಿತು. ಹುಡುಗಿ ಉಳಿದಳು.

ಚಹಾ ಕುಡಿಯುತ್ತಾ ಅಮೃತಾ ಸಹಜವಾಗಿ ಕೇಳಿದಳು: "ಅಕ್ಕಾ, ನಿಮ್ಮ ತವರಮನಿ ಹೆಸರೇನ್ರಿ?"

ಬಾಯಿ ತೆರೆದೆ; ಹೆಸರು ತಟ್ಟನೆ ಬರಲಿಲ್ಲ. ಅವ್ವ ಹೋದ ಮೇಲೆ ಆ ಹೆಸರು ಹಿಡಿದು ನನ್ನನ್ನು ಯಾರೂ ಕರೆದಿರಲಿಲ್ಲ.

ಮರುದಿನ ದಾನಿಗಳ ಟೇಬಲಿಗೆ 'ಹಿಂದಿನ ಹೆಸರು' ಎಂಬ ಕಾಲಂ ಸೇರಿಸಿದೆವು. ಅದು ಯಾಕೆ ಬೇಕೆಂದು ವಿವರಣೆಯಲ್ಲೂ ಬರೆದೆ. ಸರಿಯಾಗಿ ನಡೆಯುತ್ತದೆಯೇ ನೋಡೋಣವೆಂದು ಮೊದಲು ಅದೇ ಪಟ್ಟಿಯಲ್ಲಿದ್ದ ನನ್ನ ಸಾಲಿನಲ್ಲೇ ತವರಿನ ಹೆಸರು ತುಂಬಿದೆ. ಪದ್ಮಾವತಿ. ಆ ಹೆಸರು ಹಾಕಿ ಹುಡುಕಿದೆ. ಪರದೆಯ ಮೇಲೆ ನಾನೇ ಬಂದೆ. ಸುಲಭಕ್ಕೆ ಅಳುವವಳಲ್ಲ ನಾನು, ಅವತ್ತು ಅತ್ತುಬಿಟ್ಟೆ.