ಕುರಿ ಎಣಿಸುವ ಇಕ್ಕಟ್ಟು

ನಾನು ಜಕ್ಕಪ್ಪನವರ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ಕಡೆ ಇನ್ನೂ ಮುಂಬಯಿ ಸರಕಾರ. ದೀಪಾವಳಿ ಮುಗಿದದ್ದೇ ತಡ, ನಮ್ಮ ಕುರಿಹಿಂಡು ಮುಧೋಳದ ಕಡೆಯಿಂದ ಹೊರಟು, ಬೀಳಗಿಯ ಗುಡ್ಡಗಳ ಮೇಲೆ ದಿನಗಟ್ಟಲೆ ನಡೆದು, ಕೃಷ್ಣೆಯ ದಂಡೆಗೆ ಇಳಿಯುತ್ತಿತ್ತು. ಆ ಗುಡ್ಡದ ಹಾದಿಯನ್ನು ಜೋಪಾನ ಮಾಡಿದವಳು ಕರೆವ್ವ.

ಅದು ಆಕೆಯ ಗಂಡ ಗಿರಮಲ್ಲಪ್ಪ ಮಾಡುತ್ತಿದ್ದ ಕೆಲಸ. ಅವನು ತೀರಿಕೊಂಡ ಮೇಲೆ ಇವಳೇ ಹಾರೆ ಹಿಡಿದಳು. ಮಳೆಗೆ ಕೊಚ್ಚಿಹೋದಲ್ಲಿ ಕಲ್ಲು ತುಂಬುವಳು, ಜಾಲಿಮುಳ್ಳು ಕಡಿಯುವಳು. ಹಿಂಡಿನವರು ಉಣ್ಣೆ, ಜೋಳ ಕೊಡುತ್ತಿದ್ದರು. ಮಕ್ಕಳಿಲ್ಲದ ಆಕೆಗೆ ಅದಕ್ಕಿಂತ ನಾವು ಬರುವುದೇ ದೊಡ್ಡದು. "ನಿಮ್ಮ ಕುರಿ ಬಂದ್ರನ ನನಗ ವರ್ಸ ಹುಟ್ಟಿದಂಗ, ತಂಗೆವ್ವಾ" ಎಂದು ನನ್ನ ಗಲ್ಲ ಹಿಂಡುತ್ತಿದ್ದಳು.

ಅಷ್ಟರಲ್ಲಿ ಗುಡ್ಡದ ಬುಡ ಸುತ್ತಿ ಸಡಕು ಬಂತು. ಹಿಂಡುಗಳೆಲ್ಲ ಅತ್ತ ತಿರುಗಿದವು. ನಾವೂ ಹೋದೆವು. ಸುಳ್ಳೇಕೆ ಹೇಳಲಿ, ನನ್ನ ಕಾಲಿಗೂ ಅದೇ ಬೇಕಾಗಿತ್ತು.

ಹೇಗಾದರೂ ಮಾಡಿ ನಮ್ಮನ್ನು ಮತ್ತೆ ಗುಡ್ಡ ಹತ್ತಿಸಬೇಕೆಂಬುದೊಂದೇ ಕರೆವ್ವನ ಚಿಂತೆ. ಸಡಕಿನ ಅಗಲಕ್ಕೆ ನಾವು ಮರುಳಾದೆವೆಂದು ತಿಳಿದಳು. ಗುಡ್ಡದ ನೆತ್ತಿಯಲ್ಲಿ ಬಂಡೆಗೂ ಕಲ್ಲಿನ ಒಡ್ಡಿಗೂ ನಡುವೆ ಒಂದೇ ಕುರಿ ನುಸುಳುವಂಥ ಇಕ್ಕಟ್ಟು ಇತ್ತು. ಬೇಸಿಗೆಯೆಲ್ಲ ಹಾರೆ ಹಾಕಿ ಆ ಒಡ್ಡು ಕೆಡವಿ, ಕಲ್ಲುಗಳನ್ನು ಕೊಳ್ಳಕ್ಕೆ ಉರುಳಿಸಿದಳು.

ಇತ್ತ ಸಡಕಿನಲ್ಲಿ ನಮ್ಮ ಹಿಂಡು ಇನ್ನೊಂದರ ಜೊತೆ ಬೆರೆತು, ಎಷ್ಟು ಹೋದವು ಎಷ್ಟು ಉಳಿದವು ತಿಳಿಯದೆ ಮಾವ ತಲೆ ಚಚ್ಚಿಕೊಂಡಿದ್ದರು. ಕುರಿ ಎಣಿಸಲು ನಮಗೆ ಆ ಇಕ್ಕಟ್ಟೇ ಬೇಕು. ಒಂದೊಂದೇ ದಾಟುವಾಗ ಇಪ್ಪತ್ತಕ್ಕೊಂದು ಹರಳು ಕಂಬಳಿಗೆ ಹಾಕುವುದು ನಮ್ಮ ಲೆಕ್ಕ. ಅದಕ್ಕಾಗಿಯೇ ಮರುವರ್ಷ ಗುಡ್ಡ ಹತ್ತಿದೆವು.

ಕರೆವ್ವ ಹಾದಿಯಲ್ಲೇ ನಿಂತಿದ್ದಳು, ಮುಖ ಅರಳಿತ್ತು. ಮಾವನೋ ಸಿಟ್ಟಿನಲ್ಲಿ ನಮ್ಮ ಟಗರಿಗೆ ಅಣ್ಣ. ಬಟಾಬಯಲು ಕಂಡದ್ದೇ ಕಿಡಿಕಿಡಿಯಾದರು.

"ಎಂಥಾ ಹುಚ್ಚಿ ಬೇ ನೀ! ಕುರಿ ಎಣಿಸಾಕಂತನ ಬಂದೇವಿ, ಒಡ್ಡ ಕೆಡವಿ ಕುಂತೀಯಲ್ಲ! ಏ, ಹಿಂಡ ಸಡಕಿಗೆ ತಿರಗಿಸ್ರೋ!"

ಆಕೆ ಪೆಚ್ಚಾದಳು. ಮರುಗಳಿಗೆಯೇ ಹೋಗಿ, ಒಡ್ಡು ಇದ್ದ ಜಾಗದಲ್ಲಿ ಬಂಡೆಗೆ ಎದುರಾಗಿ ನಿಂತು, ಹೆಗಲ ಕಂಬಳಿ ಬಿಚ್ಚಿ ಎರಡೂ ಕೈ ಚಾಚಿದಳು.

"ಎಣಿಸ್ರಿ ಅಣ್ಣಾ. ನಾ ನಿಂತೀನಿ."

ಕುರಿಗಳು ಆಕೆಯ ಮೊಣಕಾಲಿಗೆ ಮೈ ಉಜ್ಜುತ್ತ ಒಂದೊಂದೇ ದಾಟಿದವು. ಧೂಳಿಗೆ ಕೆಮ್ಮಿದಳೇ ಹೊರತು ಅಲುಗಲಿಲ್ಲ. ಆ ಉಣ್ಣೆಯ ವಾಸನೆ, ಮಾವನ ಎಣಿಕೆಯ ರಾಗ ಇಂದಿಗೂ ನನಗೆ ನೆನಪಿದೆ.

ಕೊನೆಯ ಮರಿ ದಾಟುವಷ್ಟರಲ್ಲಿ ಮಾವ ತಣ್ಣಗಾಗಿದ್ದರು. "ನಾಳಿ ಎಲ್ಲಾರೂ ಕೂಡಿ ಒಡ್ಡ ಕಟ್ಟಿಕೊಡ್ತೇವಿ ತಂಗಿ" ಎಂದರು.

"ಬ್ಯಾಡ್ರಿ ಅಣ್ಣಾ" ಎಂದಳು ಕರೆವ್ವ. "ಕಲ್ಲ ನಿಂತ್ರ ನನ್ನ ಯಾರ ಕರೀತಾರ್ರಿ?"

ಆಕೆ ಇರುವ ತನಕ ನಮ್ಮ ಹಿಂಡು ಸಡಕು ಹಿಡಿಯಲಿಲ್ಲ. ಆ ಜಾಗದಲ್ಲಿ ಯಾರೂ ಒಂದು ಕಲ್ಲೂ ಇಡಲಿಲ್ಲ.