ಹಸಿರು ಬಳಿದ ಕಾಲುಸಂಕ

ಮೂಡಿಗೆರೆ ರಸ್ತೆಯ ತಮ್ಮ ವೆಲ್ಡಿಂಗ್ ಶೆಡ್ಡಿಗೆ ಯಾರೇ ಬರಲಿ, ಸುಬ್ಬಾಚಾರ್ರು ಮೊದಲು ಕೈಹಿಡಿದು ಹಿತ್ತಲಿಗೆ ಎಳೆದೊಯ್ಯುತ್ತಿದ್ದರು. ಬೇಲಿಯ ಕಬ್ಬಿಣದ ಕಂಬವನ್ನು ಅರ್ಧ ನುಂಗಿಕೊಂಡು ನಿಂತ ಸಿಲ್ವರ್ ಓಕ್ ಮರವನ್ನು ತೋರಿಸದೆ ಅವರಿಗೆ ಕೆಲಸ ಶುರುವಾಗುತ್ತಿರಲಿಲ್ಲ. "ನಾವು ಬೆಂಕಿ ಹಾಕಿ ಬೆಸಿತೀವಿ, ಇದು ಮಳೆ ಕುಡ್ಕಂಡೇ ಬೆಸಿತದೆ. ಯಾರು ದೊಡ್ಡ ಆಚಾರಿ ಹೇಳಿ ಮಾರಾಯ್ರೆ?" ಸಿಪ್ಪೆ ಸುಲಿಯುವ ಪಲ್ಪರ್ ಕೆಟ್ಟು ತೋಟದ ಕಾಫಿ ಹಣ್ಣು ಹುಳಿ ಬರುತ್ತಿರುವಾಗ ಇದಕ್ಕೆಲ್ಲ ಉತ್ತರ ಹೇಳುವ ತಾಳ್ಮೆ ನನಗಂತೂ ಇರಲಿಲ್ಲ.

ಅವರ ಪ್ರಕಾರ ಮುಂದಿನ ಕಾಲದ ಕಬ್ಬಿಣಕ್ಕೆ ಬೇರಿರುತ್ತದೆ. "ಸೇತುವೆ ಕಟ್ಟೋದಲ್ಲ, ಬೆಳ್ಸೋದು. ತುಕ್ಕು ಹಿಡಿದ ಕಡೆ ಬೇರು ಬಂದು ತುಂಬ್ಕಳ್ತದೆ. ಪೇಂಟ್ ಯಾಕೆ, ಗೊಬ್ಬರ ಸಾಕು." ಮರದಿಂದ ಕರೆಂಟ್ ತೆಗೆಯುತ್ತೇನೆಂದು ಹಿತ್ತಲ ಹಲಸಿಗೆ ತಾಮ್ರದ ಪಟ್ಟಿ ಬಿಗಿದರು. ಕರೆಂಟ್ ಬರಲಿಲ್ಲ, ಹಲಸು ಒಣಗಿತು. ಹೆಂಡತಿ ಮಾತು ಬಿಟ್ಟರು. ಇವರು ಮಾತ್ರ, "ತಾಮ್ರ ಆಗ್ಬರ್ಲಿಲ್ಲ, ಕಬ್ಬಿಣ ಆಗ್ತದೆ" ಎಂದರು.

ನಮ್ಮ ಪಕ್ಕದ ಎಸ್ಟೇಟಿನ ಆಳುಗಳು ಹಣ್ಣಿನ ಮೂಟೆ ಹೊತ್ತು ಹಳ್ಳ ದಾಟುತ್ತಿದ್ದುದು ಕೊಳೆತ ದಿಮ್ಮಿಯ ಮೇಲೆ. ಅಲ್ಲಿನ ಸಾಹುಕಾರರನ್ನು ಒಪ್ಪಿಸಿ ಆಚಾರ್ರು ಕಬ್ಬಿಣದ ಸರಳುಗಳ ಕಾಲುಸಂಕ ಹಾಕಿದರು. ದಡದ ಗೋಳಿಮರದ ಬಿಳಲುಗಳನ್ನು ಸರಳಿಗೆ ಸುತ್ತಿ, ಹಳೆ ಪಂಚೆಯ ಚೂರಿನಿಂದ ಕಟ್ಟಿ, ಸಗಣಿ ನೀರು ಬಳಿದರು. ನಾವೆಲ್ಲ ನಕ್ಕೆವು. ವರ್ಷಗಳು ಕಳೆದಂತೆ ಬಿಳಲುಗಳು ತೋಳಿನಷ್ಟು ದಪ್ಪವಾಗಿ, ಸರಳುಗಳನ್ನು ಒಳಗೆಳೆದುಕೊಂಡು ಆಚೆ ದಡದ ಹತ್ತಿರ ಬಂದವು. "ಆಚೆ ಮಣ್ಣು ಕಚ್ಲಿ ಮಾರಾಯ್ರೆ, ಆಮೇಲೆ ನಾನು ಸತ್ರೂ ಸಂಕ ಸಾಯಲ್ಲ." ವೆಲ್ಡಿಂಗ್ ಬೆಳಕಿಗೆ ಅವರ ಕಣ್ಣು ಮಂಜಾಗುತ್ತಿತ್ತು. ಅದೊಂದನ್ನು ನೋಡಿಬಿಡಬೇಕೆಂಬ ಆಸೆ. ಇನ್ನೊಂದು ಮಳೆಗಾಲ ಸಾಕಿತ್ತು.

ಅಷ್ಟರಲ್ಲಿ ಮರಗಸಿ ಬಂತು. ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರಗಳನ್ನು ಸವರುವ ಕೆಲಸ ಅದು. ಮರ ಹತ್ತಿದವರು ಜೋತುಬಿದ್ದದ್ದನ್ನೆಲ್ಲ ಕಡಿಯುವುದು ರೂಢಿ. ಈ ಬಿಳಲು ಬಿಡಿ ಎಂದು ಸಾಹುಕಾರರು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಹೋಂಸ್ಟೇ ಮಾಡುವ ಹುರುಪಿನಲ್ಲಿ ಅವರಿಗೆ ಎಲ್ಲ ಕ್ಲೀನಾಗಿ ಕಾಣಬೇಕಿತ್ತು. ಬಿಳಲುಗಳೆಲ್ಲ ಹೋದವು. ಓಡಿಬಂದ ಆಚಾರ್ರಿಗೆ ಸಾಹುಕಾರರು ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ: "ಕಬ್ಬಿಣ ಗಟ್ಟಿಯಾಗೇ ಇದ್ಯಲ್ಲ ಆಚಾರ್ರೆ. ಹಸಿರು ಪೇಂಟ್ ಹೊಡ್ದು, ತಗಡಲ್ಲಿ ನಾಲ್ಕು ಎಲೆ ಮಾಡಿ ಅಂಟಿಸ್ಬಿಡಿ. ಗೆಸ್ಟುಗಳಿಗೆ ಇಷ್ಟ ಆಗ್ತದೆ." ನನಗೆ ಮೈ ಉರಿಯಿತು. ಇವತ್ತಿಗೂ ಉರಿಯುತ್ತದೆ.

ಕೊನೆಯ ಸಲ ಕಂಡಾಗ ಆಚಾರ್ರು ಆ ಸಂಕದ ಮೇಲೆ ಕೂತು ತಗಡಿನ ಎಲೆ ಬೆಸೆಯುತ್ತಿದ್ದರು. ಯಾಕೆ ಒಪ್ಪಿಕೊಂಡಿರಿ ಎಂದು ರೇಗಿದೆ. "ಬಿಳಲು ಹೋದ್ಮೇಲೆ ಸರಳು ಅಲ್ಲಾಡ್ತದೆ. ಹೆಂಗಸ್ರು ಮೂಟೆ ಹೊತ್ಕಂಡು ದಾಟ್ಬೇಕಲ್ಲ, ಬಿಗಿ ಮಾಡಕ್ಕೆ ಬಂದೆ" ಎಂದರು. ಆಮೇಲೆ ಎಲೆಯೊಂದನ್ನು ಬೆರಳಲ್ಲಿ ಕುಟ್ಟಿ, "ಇದಕ್ಕೆ ನೀರೂ ಬೇಡ, ಗೊಬ್ಬರಾನೂ ಬೇಡ. ಸುಖ" ಎಂದರು. ಮುಖ ಮೇಲೆತ್ತಲಿಲ್ಲ.

ಆ ಮಳೆಗಾಲದಲ್ಲೇ ತೀರಿಕೊಂಡರು. ಗೋಳಿಮರ ಪ್ರತಿ ಮಳೆಗೂ ಸಂಕದ ಕಡೆ ಹೊಸ ಬಿಳಲು ಇಳಿಬಿಡುತ್ತದೆ. ಹೋದ ವರ್ಷ ಮರಗಸಿಯ ಹೊತ್ತಿಗೆ ನಾನೇ ಹೋಗಿ, ಇವನ್ನಾದರೂ ಬಿಡಿ ಎಂದು ಮೇಸ್ತ್ರಿಯನ್ನು ಕೇಳಿಕೊಂಡೆ.

"ಗೆಸ್ಟುಗಳ ತಲೆಗೆ ತಾಗ್ತದಂತೆ" ಎಂದು ಅವನು ಕತ್ತಿ ಎತ್ತಿದ.